ಗಂಗವ್ವನ ಎಡಗೈ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಕಾರಣ ಬೇಕು, ಒಬ್ಬ ತಕ್ಕ ಮನುಷ್ಯ ಬೇಕು. ಬಾಜೂ ಮನೆಯವನು ಹೊಸ ಸೈಕಲ್ ತಂದರೆ ಹೊಟ್ಟೆ ಉರಿಯುವುದು ಸಹಜ. ಜೊತೆಯ ಮಾಸ್ತರನಿಗೆ ಅವನ ಊರಿಗೇ ಬದಲಿಯಾದರೆ ಉರಿಯುವುದು ಇನ್ನೂ ಸಹಜ. ಆದರೆ ನಾನು ಎರಡು ವರ್ಷ ಹೊಟ್ಟೆಕಿಚ್ಚು ಪಟ್ಟದ್ದು ಸತ್ತುಹೋದ ಒಬ್ಬ ಮನುಷ್ಯನ ಮೇಲೆ. ಅವನನ್ನು ನಾನು ಕಣ್ಣಾರೆ ನೋಡಿರಲಿಲ್ಲ, ಅವನ ಫೋಟೋ ಕೂಡ ಎಲ್ಲೂ ಇರಲಿಲ್ಲ. ಅವನು ನನಗೆ ಏನೊಂದು ಕೆಟ್ಟದ್ದನ್ನೂ ಮಾಡಿರಲಿಲ್ಲ. ಅವನ ಹೆಸರು ಮಾತ್ರ ದಿನಕ್ಕೆ ಎರಡು ಹೊತ್ತು ನನ್ನ ತಾಟಿಗೆ ರೊಟ್ಟಿ ನೀಡುತ್ತಿತ್ತು.

ನಾನು ಆಗ ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಮಾಸ್ತರ. ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ನನಗೆ ಮೂವತ್ತನಾಲ್ಕು ದಾಟಿತ್ತು. ಆಗ ಹಿರಿಯರು ಗಂಗವ್ವನ ಮಾತು ತೆಗೆದರು. ದೇವಿಕೊಪ್ಪದ ಹುಡುಗಿ, ಮೊರಬಕ್ಕೆ ಕೊಟ್ಟಿದ್ದರು, ಎರಡೇ ವರ್ಷಕ್ಕೆ ಗಂಡ ಕಾಮಾಲೆಯಾಗಿ ತೀರಿಕೊಂಡಿದ್ದ. ಗಂಡ ಸತ್ತವಳನ್ನು ಮತ್ತೆ ಮದುವೆಯಾಗುವುದಕ್ಕೆ ನಮ್ಮಲ್ಲಿ ಉಡಿಕಿ ಅನ್ನುತ್ತಾರೆ. ವಾಲಗ ಇಲ್ಲ, ಹಂದರ ಇಲ್ಲ, ನಾಲ್ಕು ಜನ ಸೇರಿ ಸೀರೆ ಉಡಿಸಿದರೆ ಮುಗಿಯಿತು. “ನೀವೇನಂತೀರಿ ಮಾಸ್ತರ?” ಎಂದು ಹಿರಿಯರು ಕೇಳಿದ್ದಕ್ಕೆ ನಾನು ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಹೆಣ್ಣುಮಕ್ಕಳಿಗೂ ಎರಡನೆಯ ಬದುಕು ಇರಬೇಕು, ಹಳೆಯದನ್ನು ಹಿಡಿದು ಕೂಡಬಾರದು, ಹೀಗೆಲ್ಲ. ಭಾಷಣ ಚೆನ್ನಾಗಿತ್ತೆಂದು ಈಗಲೂ ನನಗೆ ಅನ್ನಿಸುತ್ತದೆ. ಮದುವೆಯಾದ ಮರುದಿನ ಆಕೆ ಬಗ್ಗಿ ರೊಟ್ಟಿ ನೀಡಿದಳು. ಎಡಗೈಯ ಮೇಲೆ, ಮಣಿಕಟ್ಟಿಗೂ ಮೊಣಕೈಗೂ ನಡುವೆ, ಹಸಿರುಗಟ್ಟಿದ ಹಚ್ಚೆಯ ಮೂರು ದಪ್ಪ ಅಕ್ಷರಗಳು ಕಂಡವು. ಮಾಸ್ತರಿಕೆ ಒಂದು ರೋಗ. ಸಾಬೂನಿನ ಕಾಗದವಿರಲಿ, ಬಸ್ಸಿನ ಹಲಗೆಯಿರಲಿ, ಅಕ್ಷರ ಕಂಡರೆ ಓದಿಬಿಡುತ್ತೇವೆ. ಓದಿದೆ. ನಿಂಗಪ್ಪ.

ಗಂಗವ್ವನಿಗೆ ಓದಲು ಬರುತ್ತಿರಲಿಲ್ಲ. ಕೇಳಿದೆ. “ಏನ ಬರದಾರೋ ನನಗೇನ ಗೊತ್ತರಿ,” ಎಂದಳು. “ಲಗ್ನ ಆದ ವರ್ಷ ನವಲಗುಂದ ಸಂತಿಯೊಳಗ ಮಷೀನಿನವನ ಮುಂದ ಕುಂಡ್ರಿಸಿದ್ರು. ಅವರ ಹೆಸರ ಐತಂತ ಮಂದಿ ಅಂತಾರ. ನನಗ ಅದೊಂದು ಬಳ್ಳಿ ಹಂಗ ಕಾಣತೈತಿ.” ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಲ್ಲಿಗೇ ಸುಮ್ಮನಿದ್ದಿದ್ದರೆ ಸಾಕಿತ್ತು. ಇರಲಿಲ್ಲ. ಮಾಸ್ತರನ ಹೆಂಡತಿ ಹೆಬ್ಬೆಟ್ಟು ಒತ್ತುವುದೇ ಎಂದು ಪಾಟಿ ಬಳಪ ತಂದು ಕಲಿಸಲು ಕುಳಿತೆ. ಆಕೆ ಬಲು ಚುರುಕು. ಆರು ತಿಂಗಳಿಗೆ ಒತ್ತಕ್ಷರದವರೆಗೆ ಬಂದಳು. ಒಂದು ದಿನ ಪಪ್ಪಾಯಿಯ ‘ಪ್ಪಾ’ ಬರೆಸುತ್ತಿದ್ದೆ. ಆಕೆ ಬಳಪ ಕೆಳಗಿಟ್ಟು ತನ್ನ ಕೈಯನ್ನೇ ನೋಡುತ್ತ ಕುಳಿತಳು. ತುಟಿಗಳು ಮೂರು ಸಲ ಅಲುಗಾಡಿದವು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮ ಹೆಂಗಸರಲ್ಲಿಲ್ಲ, ಆದ್ದರಿಂದ ದನಿ ಬರಲಿಲ್ಲ. ಆ ದಿನ ಆಕೆ ಮತ್ತೆ ಪಾಟಿ ಮುಟ್ಟಲಿಲ್ಲ.

ವಾರವಾದ ಮೇಲೆ ತಾನಾಗಿಯೇ ಅಂದಳು, “ಇದನ್ನ ತಗಿಸಿಬಿಡೂಣ ರಿ. ಓದಾಕ ಬರದಾಗ ಬಳ್ಳಿ ಹಂಗ ಇತ್ತು. ಈಗ ರೊಟ್ಟಿ ಬಡಿಯಾಗ ಓದ್ತೀನಿ, ನೀರ ಸೇದೂವಾಗ ಓದ್ತೀನಿ. ಮುಸುರಿ ತಿಕ್ಕೂವಾಗೂ ಓದ್ತೀನಿ. ಕಣ್ಣ ಬಿದ್ರ ಸಾಕು, ಯಾರೋ ಕರದಂಗ ಆಗತೈತಿ.” ನಾನು ಬೇಡ ಅನ್ನಲಿಲ್ಲ. ಬೇಡ ಅನ್ನುವ ಮನುಷ್ಯ ಎಷ್ಟು ಹೊತ್ತು ಯೋಚಿಸಬೇಕೋ ಅಷ್ಟು ಹೊತ್ತು ಯೋಚಿಸಿದಂತೆ ಮಾಡಿ, “ನಿನ್ನ ಇಷ್ಟ” ಎಂದೆ. ಒಳಗೆ ಮಾತ್ರ ಹುಬ್ಬಳ್ಳಿಯ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕುತ್ತಿದ್ದೆ. ಶಾಲೆಯಲ್ಲಿ ಹೆಡ್‌ಮಾಸ್ತರರಿಗೆ ಕಾರಣ ತಿಳಿಸಿ ರಜೆಯ ಅರ್ಜಿ ಕೊಟ್ಟಾಗ ಅವರು ಅಗದಿ ಗಂಭೀರವಾಗಿ ಸಲಹೆ ಕೊಟ್ಟರು: “ಪೂರಾ ಯಾಕ ತಗಸ್ತೀರಿ ಶಿವಪ್ಪನವರ? ‘ಪ್ಪ’ ಹೆಂಗೂ ನಿಮ್ಮ ಹೆಸರಿನಾಗೂ ಐತಿ. ಅದು ಇರಲಿ. ಮುಂದಿಂದಷ್ಟ ಬದಲಿ ಮಾಡಸ್ರಿ.”

ಹುಬ್ಬಳ್ಳಿಯಲ್ಲಿ ಒಬ್ಬ ಚರ್ಮದ ಡಾಕ್ಟರಿದ್ದರು. ನಾನು ಹೊರಗೆ ಚಪ್ಪಲಿ ಬಿಟ್ಟು ಬರುವಷ್ಟರಲ್ಲಿ ಕಂಪೌಂಡರ್ ಗಂಗವ್ವನನ್ನು ನಿಲ್ಲಿಸಿಕೊಂಡು ಚೀಟಿ ಬರೆಯುತ್ತಿದ್ದ. ಗಂಡನ ಹೆಸರೇನು ಎಂದು ಕೇಳಿದ್ದಾನೆ. ಹೆಸರು ಹೇಳಬಾರದ ಹೆಂಗಸು ಇಷ್ಟು ವರ್ಷ ಏನು ಮಾಡುತ್ತ ಬಂದಿದ್ದಳೋ ಅದನ್ನೇ ಮಾಡಿದ್ದಾಳೆ. ಎಡಗೈ ಮುಂದೆ ಮಾಡಿದ್ದಾಳೆ. ಅವನು ನೋಡಿ ಬರೆದುಕೊಂಡಿದ್ದಾನೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಬಂತು, “ನಿಂಗಪ್ಪ ಯಾರ್ರಿ?” ಬೆಂಚಿನ ಮೇಲಿದ್ದವರೆಲ್ಲ ಅತ್ತಿತ್ತ ನೋಡಿದರು. ಗಂಗವ್ವ ನೆಲ ನೋಡಿದಳು. ನಾನು ಎದ್ದು, “ನಾನ ರಿ” ಎಂದೆ.

ಒಳಗೆ ಡಾಕ್ಟರರಿಗೆ ಆಶ್ಚರ್ಯ. “ಗಂಡ ಬದುಕಿದ್ದೀರಿ, ಮುಂದ ನಿಂತೀರಿ. ಹೆಸರು ಯಾಕ ತಗಸ್ತೀರಿ?” ಎಂದರು. ಆಗಲಾದರೂ ನಿಜ ಹೇಳಬಹುದಿತ್ತು. ಹೊರಗಿನ ಬೆಂಚಿನ ಮೇಲೆ ನಮ್ಮ ಕಡೆಯ ಇಬ್ಬರು ಕುಳಿತಿದ್ದರು, ಬಾಗಿಲು ತೆರೆದಿತ್ತು. “ನಾನು ಸಾಲಿ ಮಾಸ್ತರ ರಿ. ಅಕ್ಷರ ದುಂಡಗ ಬಂದಿಲ್ಲ,” ಎಂದುಬಿಟ್ಟೆ. ಡಾಕ್ಟರರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ಬಹಳ ಹೊತ್ತು ನೋಡಿದರು. ನನ್ನ ಕೈಯಲ್ಲಿ ಕಲಿಯುವ ಮಕ್ಕಳ ಬಗ್ಗೆ ಅವರಿಗೆ ಕನಿಕರ ಹುಟ್ಟಿರಬೇಕು. ಪರದೇಶದಲ್ಲಿ ಲೇಸರ್ ಅನ್ನುವ ಬೆಳಕಿನಿಂದ ಹಚ್ಚೆ ತೆಗೆಯುತ್ತಾರಂತೆ, ಅದು ನಮ್ಮ ಕಡೆ ಬರುವುದಕ್ಕೆ ಇನ್ನೂ ಕಾಲ ಬೇಕು ಎಂದರು. ತಮ್ಮಲ್ಲಿರುವುದು ಚಿಕ್ಕ ಗಾಲಿಯಂತೆ ತಿರುಗುವ ಮಷೀನು. ಸೂಜಿ ಚುಚ್ಚಿ ಆ ಜಾಗಕ್ಕೆ ಜೋಮು ಹಿಡಿಸಿ, ಮೇಲಿನ ಚರ್ಮ ಸವೆಸಿ ತೆಗೆಯುವುದು. ಒಮ್ಮೆಗೇ ಎಲ್ಲ ತೆಗೆದರೆ ಕೈ ತಡೆಯುವುದಿಲ್ಲ. ಒಂದು ಸಲಕ್ಕೆ ಒಂದು ಅಕ್ಷರ, ನಡುವೆ ಒಂದೂವರೆ ತಿಂಗಳು.

“ತಗಿಯೋದು ನನ್ನ ಕೆಲಸ, ಅದು ಅರ್ಧ ತಾಸಿಂದು,” ಎಂದರು ಡಾಕ್ಟರರು. “ನಡುವಿನ ಒಂದೂವರಿ ತಿಂಗಳು ನಿಮ್ಮ ಕೆಲಸ. ಚರ್ಮ ಛಲೋ ಬರೋದು, ಕೆಡೋದು ಎಲ್ಲಾ ಅಲ್ಲೇ ಅದ.” ಆಮೇಲೆ ನಿಯಮಗಳನ್ನು ಹೇಳಿದರು, ನಾನು ನೋಟುಪುಸ್ತಕದಲ್ಲಿ ಬರೆದುಕೊಂಡೆ. ದಿನಾ ಮುಂಜಾನೆ ಕಾಸಿ ಆರಿಸಿದ ನೀರಿನಿಂದ ಒರೆಸಿ, ವ್ಯಾಸಲೀನ್ ಸವರಿದ ಗಾಜ್ ಬಟ್ಟೆ ಹೊಸದಾಗಿ ಕಟ್ಟಬೇಕು. ಬಿಸಿಲು ತಾಕಿಸಬಾರದು, ತಾಕಿದರೆ ಆ ಜಾಗ ಕಪ್ಪಾಗಿ ಉಳಿಯುತ್ತದೆ. ಒಲೆಯ ಝಳ ಬೇಡ. ಸೆಗಣಿಯಲ್ಲಿ ಕೈ ಇಡಬಾರದು, ಹತ್ತಿ ಬಿಡಿಸಲು ಹೋಗಬಾರದು, ಊರವರು ಹೇಳಿದ ಬೂದಿ, ಅರಿಷಿಣ, ಸುಣ್ಣ ಏನನ್ನೂ ಹಚ್ಚಬಾರದು. “ಎಲ್ಲಾಕ್ಕಿಂತ ದೊಡ್ಡದು, ಮ್ಯಾಲೆ ಹಕ್ಕಳಿ ಕಟ್ತದ. ಅದು ತಾನಾಗೇ ಉದುರಬೇಕು. ಕೀಳಬಾರದು.” ನಾನು ‘ಕೀಳಬಾರದು’ ಎಂಬುದರ ಕೆಳಗೆ ಎರಡು ಗೆರೆ ಎಳೆದೆ.

ಅಂದೇ ಮೊದಲ ಅಕ್ಷರ ಸವೆಸಿ, ಪಟ್ಟಿ ಕಟ್ಟಿ ಕಳಿಸಿದರು. ಹೀಗೆ ನಾನು ಮನೆಯ ಹೆಂಗಸಾದೆ. ನಮ್ಮ ಊರಲ್ಲಿ ಬಾವಿಯ ನೀರು ಸವಳು, ಕುಡಿಯುವುದಕ್ಕೆ ಕೆರೆಯ ನೀರೇ ಆಗಬೇಕು. ಮುಂಜಾನೆ ಎದ್ದು ಎರಡು ಕೊಡ ಹೊತ್ತು ತರುತ್ತಿದ್ದೆ. ಕೆರೆಯ ದಂಡೆಯಲ್ಲಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನನಗೆ ದಾರಿ ಬಿಡುತ್ತಿದ್ದರು. ನೆಲ ಸಾರಿಸಿದೆ, ಹತ್ತಿಕಟ್ಟಿಗೆ ಒಟ್ಟಿ ಒಲೆ ಹೊತ್ತಿಸಿದೆ, ರೊಟ್ಟಿ ಬಡಿದೆ. ಗಂಗವ್ವ ಗೋಡೆಗೆ ಒರಗಿ, ಎಡಗೈಯನ್ನು ದಿಂಬಿನ ಮೇಲೆ ಎತ್ತಿ ಇಟ್ಟುಕೊಂಡು ಪಾಠ ಹೇಳುತ್ತಿದ್ದಳು. “ನೀರ ಕಡಿಮಿ ಆತು. ಹಂಗಲ್ರಿ, ಅಂಗೈ ಬಡೀರಿ, ಬೆರಳಲ್ಲ. ತಿರುವ್ರಿ, ತಿರುವ್ರಿ!” ನನ್ನ ರೊಟ್ಟಿಗಳು ಒಂದಕ್ಕೊಂದು ಸಂಬಂಧವಿಲ್ಲದ ಆಕಾರದಲ್ಲಿ ಬರುತ್ತಿದ್ದವು, ಕಾವಲಿಗೆ ಹಾಕುವಷ್ಟರಲ್ಲಿ ಎರಡಾಗುತ್ತಿದ್ದವು. ಹದಿನೇಳು ವರ್ಷ ಮಕ್ಕಳನ್ನು ದಡ್ಡರೆಂದು ಬೈದವನಿಗೆ ಗೊತ್ತಿದ್ದೂ ಕೈ ಕೇಳದಿರುವುದು ಎಂದರೇನು ಎಂದು ಆ ಹಿಟ್ಟಿನ ಮುಂದೆ ಗೊತ್ತಾಯಿತು. ಆದರೂ ಹುರುಪಿನಿಂದಲೇ ಮಾಡಿದೆ. ಊರವರು “ಮಾಸ್ತರ ಭಾರಿ ಒಳ್ಳೆಯವ, ಹೆಂಡತಿ ಸೇವಾ ಮಾಡ್ತಾನ” ಎಂದರು. ನಾನು ಯಾಕೆ ಮಾಡುತ್ತಿದ್ದೇನೆ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಒಂಬತ್ತನೆಯ ದಿನ ತಪ್ಪು ಮಾಡಿದೆ. ಮುಂಜಾನೆ ಪಟ್ಟಿ ಬಿಚ್ಚಿದಾಗ ಹಕ್ಕಳೆ ಕಂದಾಗಿ, ಅಂಚಿನಲ್ಲಿ ತುಸು ಎದ್ದಿತ್ತು. ಕೆಳಗೆ ‘ನಿಂ’ ಹೋಗಿದೆಯೋ ಇಲ್ಲವೋ? ಒಂಬತ್ತು ದಿನದಿಂದ ಅದೊಂದೇ ಪ್ರಶ್ನೆ ನನ್ನ ತಲೆಯಲ್ಲಿ. ಗಂಗವ್ವ ಎಂದಿನಂತೆ ಮುಖ ತಿರುಗಿಸಿ ಕುಳಿತಿದ್ದಳು. ಒದ್ದೆ ಬಟ್ಟೆಯನ್ನು ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿದೆ, ಉಗುರಿನ ತುದಿಯಿಂದ ಅಂಚನ್ನು ಎತ್ತಿದೆ. ಆಕೆ “ಅವ್ವಾ!” ಎಂದು ಕೈ ಎಳೆದುಕೊಂಡಳು, ಹಕ್ಕಳೆ ನನ್ನ ಉಗುರಿನಲ್ಲೇ ಉಳಿಯಿತು. ಕೆಳಗೆ ಹಸಿ ಮಾಂಸ. ಅಕ್ಷರ ಹೋಗಿದೆಯೋ ಉಳಿದಿದೆಯೋ ಏನೂ ಕಾಣಲಿಲ್ಲ, ರಕ್ತ ತುಂಬಿಕೊಂಡಿತು. “ತಾನಾಗೇ ಬಂತು” ಎಂದೆ. ಆಕೆ ನನ್ನ ಉಗುರು ನೋಡಿದಳು.

ಎರಡು ದಿನಕ್ಕೆ ಕೈ ಊದಿತು, ಕೀವಾಯಿತು, ಜ್ವರ ಏರಿತು. ಮೂರನೆಯ ದಿನ ಆಕೆಗೆ ಎದ್ದು ನಿಲ್ಲಲು ಆಗಲಿಲ್ಲ. ಚಕ್ಕಡಿಯಲ್ಲಿ ಜಮಖಾನೆ ಹಾಸಿ ಮಲಗಿಸಿ ನವಲಗುಂದಕ್ಕೆ ತಂದು, ಅಲ್ಲಿಂದ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ದೆ. ದಾರಿಯುದ್ದಕ್ಕೂ ಆಕೆಯ ಕೈ ನನ್ನ ತೊಡೆಯ ಮೇಲೆ ಕೆಂಡದಂತೆ ಸುಡುತ್ತಿತ್ತು. ಡಾಕ್ಟರರು ಪಟ್ಟಿ ಬಿಚ್ಚಿ ನೋಡಿದ್ದೇ ಕೂಗಾಡಿದರು. “ಇನ್ನೆರಡು ದಿನ ಬಿಟ್ಟಿದ್ರ ಕೈಗೇ ಬರ್ತಿತ್ತು! ಅಷ್ಟು ಹೇಳಿ ಕಳಿಸಿದ್ದೆ. ಯಾರು ಕಿತ್ತವರು ಇದನ್ನ?”

ನಾನು ಬಾಯಿ ತೆರೆದೆ. ಬಾಯಿ ತೆರೆದದ್ದು ನಿಜ. ಆದರೆ ನನಗಿಂತ ಮೊದಲು ಗಂಗವ್ವ, “ನಾನ ರಿ. ತುರಿಕಿ ತಡೀಲಾರದ ಕೆರಕೊಂಡೆ” ಎಂದಳು. ಡಾಕ್ಟರರು ಆಕೆಯನ್ನು ಬೈದರು, ಮನಸ್ಸಿಗೆ ಬಂದಷ್ಟು ಬೈದರು. ಕೊನೆಗೆ ನನ್ನ ಕಡೆ ತಿರುಗಿ, “ನಿಂಗಪ್ಪ ಮಾಸ್ತರ, ನೀವಾದ್ರೂ ಲಕ್ಷ್ಯ ಇಡಬೇಕಿಲ್ಲೇನು?” ಎಂದರು. ನಾನು ತೆರೆದ ಬಾಯಿ ಮುಚ್ಚಿ ತಲೆಯಾಡಿಸಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಸಣ್ಣ ಕೆಲಸಗಳು ಬಹಳ ಇವೆ. ಅಷ್ಟು ಸಣ್ಣದು ಇನ್ನೊಂದಿಲ್ಲ.

ಸೂಜಿ ಮದ್ದಿನಿಂದ ಸಂಜೆಯ ಹೊತ್ತಿಗೆ ಜ್ವರ ಇಳಿಯಿತು. ತಿರುಗಿ ಬರುವಾಗ ಬಸ್ಸು ಕುಸುಗಲ್ಲು ದಾಟಿದ ಮೇಲೆ ಆಕೆ ಕಿಟಕಿಯ ಹೊರಗೆ ನೋಡುತ್ತಲೇ ಮೆಲ್ಲಗೆ ಕೇಳಿದಳು, “ಅವರು ಸತ್ತು ಆರು ವರ್ಷ ಆತ್ರಿ. ನಿಮಗ ಯಾಕ ಇಷ್ಟು ಅವಸರ?” ನಾನು ಆಕೆಯ ಕೈಯ ಪಟ್ಟಿಯ ಗಂಟು ಸರಿಮಾಡಿದೆ. ಆಕೆಯೇ ಮುಂದುವರಿದಳು, “ತಗಿಸಂತ ನಾನ ಅಂದದ್ದು ಖರೆ. ಅವರ ಮ್ಯಾಲೆ ಸಿಟ್ಟಿಲ್ಲ ನನಗ. ಒಳ್ಳೆಯವರಿದ್ರು. ಅದಕ್ಕ ದಿನಾ ಓದಾಕ ಆಗವಲ್ದು.” ಅಷ್ಟು ಹೇಳಿ ನನ್ನ ಹೆಗಲಿಗೆ ತಲೆ ಆನಿಸಿ ನಿದ್ದೆ ಹೋದಳು. ನನಗೆ ನಿದ್ದೆ ಬರಲಿಲ್ಲ.

ಸುದ್ದಿ ಮೊರಬ ಮುಟ್ಟುವಷ್ಟರಲ್ಲಿ ಗಂಗವ್ವನ ಕೈ ಕತ್ತರಿಸುತ್ತಾರಂತೆ ಎಂದಾಗಿತ್ತು. ನಾಲ್ಕನೆಯ ದಿನ ಒಬ್ಬ ಮುದುಕಿ ಗಂಟು ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದು ನಿಂತಳು. “ಕೈ ಐತೋ ಇಲ್ಲೋ, ಮೊದಲ ತೋರಸು” ಎಂದಳು. ಗಂಗವ್ವ “ಅತ್ತೀ” ಎಂದು ಎದ್ದಳು. ನಿಂಗಪ್ಪನ ತಾಯಿ ನೀಲವ್ವ. ಕೈ ಇದ್ದದ್ದನ್ನು ನೋಡಿ, ಗಂಟು ಇಳಿಸಿ, ನೀರು ಕುಡಿದು, ನನ್ನ ರೊಟ್ಟಿಯ ಬುಟ್ಟಿಯ ಮುಚ್ಚಳ ತೆಗೆದು ನೋಡಿದಳು. “ಇದನ್ನ ತಿಂದ ಹುಡುಗಿಗಿ ಜ್ವರ ಬರದ ಏನ್ ಬರ್ತೈತಿ?” ಎಂದವಳು ಒಲೆಯ ಮುಂದೆ ಕುಳಿತುಬಿಟ್ಟಳು. ಇಪ್ಪತ್ತು ದಿನ ಏಳಲಿಲ್ಲ.

ಆಕೆಯನ್ನು ಕಂಡರೆ ನನಗೆ ಭಯ. ಮಗನ ಹೆಸರು ಕೀಳಿಸುತ್ತಿರುವವನು ನಾನು, ಆಕೆ ಯಾವಾಗ ಬೈಯುತ್ತಾಳೋ ಎಂದು ಕಾಯುತ್ತಿದ್ದೆ. ಆಕೆ ಬೈಯಲಿಲ್ಲ. ನನ್ನ ನೋಟುಪುಸ್ತಕದ ನಿಯಮಗಳನ್ನು ಓದಿಸಿ ಕೇಳಿದಳು, ಬೂದಿ ಅರಿಷಿಣ ಬೇಡವೆಂದಿದ್ದಕ್ಕೆ ಮೂಗು ಮುರಿದಳು, ಆದರೆ ಮೀರಲಿಲ್ಲ. ದಿನಾ ಮುಂಜಾನೆ ಗಂಗವ್ವನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಉಸಿರು ಬಿಗಿಹಿಡಿದು, ಹಸುಗೂಸಿನ ಕಣ್ಣು ಒರೆಸಿದ ಹಾಗೆ ಒರೆಸುತ್ತಿದ್ದಳು. ಹೊಸ ಹಕ್ಕಳೆ ಕಟ್ಟಿತು. ಅದು ಉದುರುವವರೆಗೆ ನನ್ನನ್ನು ಹತ್ತಿರ ಬಿಡಲಿಲ್ಲ. “ನೀ ಅತ್ಲಾಗ ಕೂಡು ಮಾಸ್ತರ. ನಿನ್ನ ಉಗರ ಉದ್ದ ಅದಾವು,” ಎಂದಳು ಒಂದು ದಿನ. ಗಂಗವ್ವ ಹೇಳಿದ್ದಳೋ, ಮುದುಕಿ ತಾನೇ ತಿಳಿದುಕೊಂಡಳೋ, ನಾನು ಕೇಳಲಿಲ್ಲ. ಹೋಗಿ ಉಗುರು ತೆಗೆದುಕೊಂಡು ಬಂದೆ.

ಹಕ್ಕಳೆ ಉದುರಿದ ದಿನ ಮೂವರೂ ಅಂಗಳದ ನೆರಳಿಗೆ ಕುಳಿತು ನೋಡಿದೆವು. ‘ನಿಂ’ ಹೋಗಿತ್ತು. ಉಳಿದದ್ದನ್ನು ಗಂಗವ್ವ ಮನಸ್ಸಿನಲ್ಲೇ ಓದಿಕೊಂಡಳು, ಇದ್ದಕ್ಕಿದ್ದಂತೆ ನಗಲು ಹತ್ತಿದಳು. “ಏನಂತ ಓದ್ತೈತಿ ಈಗ?” ಎಂದಳು ನೀಲವ್ವ. ಅದು ಈಗ ಗಂಡನ ಹೆಸರಲ್ಲವಲ್ಲ, ಗಂಗವ್ವ ಬಾಯಿಬಿಟ್ಟು ಹೇಳಿದಳು, “ಗಪ್ಪ ಅಂತ ಓದ್ತೈತ್ರಿ ಅತ್ತಿ!” ನಮ್ಮ ಕಡೆ ಮಾತಾಡುವವರ ಬಾಯಿ ಮುಚ್ಚಿಸಲು ಗಪ್ಪ ಕೂಡು, ಗಪ್ಪ ಇರು ಅನ್ನುತ್ತೇವೆ. ಮುದುಕಿಯೂ ನಕ್ಕಳು. “ಗಪ್ಪ ಅಂತೇನು? ನನ್ನ ಮಗ ಹುಟ್ಟಿದಾಗಿಂದ ಒಂದ ದಿನಾನೂ ಗಪ್ಪ ಕೂತವನಲ್ಲ. ಹೊಲದಾಗ ಎತ್ತಿನ ಜೋಡಿ ಮಾತಾಡ್ತಿದ್ದ” ಎಂದಳು. ನಗುತ್ತಲೇ ಆಕೆಯ ಕಣ್ಣು ತುಂಬಿತು, ಸೆರಗು ಮುಖಕ್ಕೆ ಹೋಯಿತು. ಗಂಗವ್ವನೂ ಅತ್ತಳು. ಅವರಿಬ್ಬರ ನಡುವೆ ನಾನು, ಸತ್ತವನು ಮಾತಿನ ಮಲ್ಲ ಎಂದು ಮೊದಲ ಸಲ ತಿಳಿದುಕೊಂಡು, ಎಲ್ಲಿ ನೋಡಬೇಕೆಂದು ತಿಳಿಯದೆ ಕುಳಿತೆ.

ಅಂದೇ ನಾನು ಹೇಳಿದೆ, “ಯವ್ವಾ, ಇಷ್ಟಕ್ಕ ಸಾಕು ಮಾಡೂಣು. ಉಳದದ್ದು ಇರಲಿ.” ಅಗದಿ ಮನಸ್ಸಿನಿಂದಲೇ ಹೇಳಿದೆ. ಎರಡು ವರ್ಷದಲ್ಲಿ ಆ ಹೆಸರಿನ ಬಗ್ಗೆ ನಾನು ಆಡಿದ ಮೊದಲ ನೆಟ್ಟನೆಯ ಮಾತು ಅದು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನೀಲವ್ವ ಮುಖ ಒರೆಸಿಕೊಂಡು, “ಅರ್ಧಾ ಇಟ್ಟು ಏನ ಮಾಡ್ತಿ? ನನ್ನ ಮಗ ಪೂರಾ ಇದ್ದ, ಪೂರಾ ಹೋದ” ಎಂದಳು. ಆಮೇಲೆ ಗಂಗವ್ವನ ಕೈ ಹಿಡಿದು, “ತಗಸವ್ವ. ನೆನಸಾಕ ನಾ ಅದೀನಿ. ನಿನ್ನ ಕೈಗೆ ಬ್ಯಾರೆ ಕೆಲಸ ಅದಾವು” ಎಂದಳು.

ಉಳಿದ ಎರಡು ಅಕ್ಷರಗಳೂ ಹೋದವು. ಎರಡು ಸಲವೂ ನೀಲವ್ವ ಮೊರಬದಿಂದ ಬಂದು ನಿಂತಳು. ಎರಡನೆಯ ಸಲ ಹೋದಾಗ ಡಾಕ್ಟರರ ಮುಂದೆ ನಾನು ಎಲ್ಲ ಹೇಳಿದೆ: ಹಕ್ಕಳೆ ಕಿತ್ತದ್ದು ನಾನು, ನನ್ನ ಹೆಸರು ಶಿವಪ್ಪ, ಅಕ್ಷರ ದುಂಡಗೇ ಇತ್ತು. ಅವರು ಕೇಳಿಸಿಕೊಂಡು, “ಚೀಟಿ ಬದಲಿ ಮಾಡೂದು ಕಂಪೌಂಡರನ ಕೆಲಸ” ಎಂದು ಮಷೀನು ಒರೆಸತೊಡಗಿದರು. ಕಂಪೌಂಡರ್ ಬದಲಿ ಮಾಡಲಿಲ್ಲ. ಕೊನೆಯವರೆಗೂ ಅಲ್ಲಿ ನನ್ನನ್ನು ನಿಂಗಪ್ಪ ಎಂದೇ ಕರೆದರು. ಕೊನೆಕೊನೆಗೆ ಓಗೊಡಲು ನನಗೆ ಅಂಥ ತ್ರಾಸವೂ ಆಗಲಿಲ್ಲ. ಗಂಗವ್ವನ ಕೈಯಲ್ಲಿ ಈಗ ‘ಗ’ ಮತ್ತು ‘ಪ್ಪ’ ಇದ್ದ ಜಾಗ ನುಣ್ಣಗೆ, ಸುತ್ತಲಿನ ಚರ್ಮಕ್ಕಿಂತ ತುಸು ಬೆಳ್ಳಗೆ ಇದೆ, ಹುಡುಕಿದರೆ ಮಾತ್ರ ಕಾಣುತ್ತದೆ. ಮೊದಲ ಅಕ್ಷರದ ಜಾಗದಲ್ಲಿ ಮಾತ್ರ ಒಂದು ಗಂಟುಗಲೆ ಉಬ್ಬಿ ನಿಂತಿದೆ. ಅದು ನಿಂಗಪ್ಪನದಲ್ಲ, ನನ್ನದು.

ನೀಲವ್ವ ಕೊನೆಯ ಸಲ ಊರಿಗೆ ಹೊರಡುವ ದಿನ ಮುಂಜಾನೆ ನನ್ನ ಹತ್ತಿರ ಬಂದು ಕುಳಿತಳು. “ಮಾಸ್ತರ, ಅವನ ಹೆಸರ ಬರದ ತೋರಸು. ಕೈ ಮ್ಯಾಲೆ ಇದ್ದಾಗ ನಾ ಎಂದೂ ನಟ್ಟನೋಟದಿಂದ ನೋಡಲಿಲ್ಲ. ಈಗ ನೋಡ್ಬೇಕನ್ನಸ್ತೈತಿ” ಎಂದಳು. ನಾನು ಪಾಟಿ ತೆಗೆದುಕೊಂಡು ನನ್ನ ಅತ್ಯಂತ ಚಂದದ ಕೈಬರಹದಲ್ಲಿ ಬರೆದೆ. ಮುದುಕಿಯ ಬೆರಳು ಹಿಡಿದು ಒಂದೊಂದೇ ಅಕ್ಷರದ ಮೇಲೆ ತಿದ್ದಿಸಿದೆ. ಹಿಡಿಯಲ್ಲಿದ್ದ ಆ ಬೆರಳು ಒಣಗಿದ ಕಟ್ಟಿಗೆಯಂತಿತ್ತು. ಅಷ್ಟರಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಗಂಗವ್ವ ಕತ್ತು ಚಾಚಿ ನೋಡಿ ಅಂದಳು, “ಸೊನ್ನಿ ಬಿಟ್ಟೀರಿ.”

ನೋಡಿದೆ. ‘ನಿಗಪ್ಪ’ ಎಂದು ಬರೆದಿದ್ದೆ. ಹದಿನೇಳು ವರ್ಷ ಮಕ್ಕಳಿಗೆ ಶುದ್ಧಬರಹ ಬರೆಸಿದವನು, ಒಂದು ಸೊನ್ನೆ ಬಿಟ್ಟವರ ಕಿವಿ ಹಿಂಡಿದವನು. ಮರೆತೆನೋ, ಬಿಟ್ಟೆನೋ, ಇಂದಿಗೂ ನನಗೆ ಗೊತ್ತಿಲ್ಲ. “ಏನಾತು?” ಎಂದು ಮುದುಕಿ ಗಾಬರಿಯಾದಳು. “ಏನಿಲ್ಲ ಯವ್ವಾ, ನಂದ ತಪ್ಪು,” ಎಂದು ಸೊನ್ನೆ ಇಟ್ಟೆ. ಗಂಗವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಸಾಲಿ ತಪಾಸಣೆಗೆ ಬಂದ ಸಾಹೇಬರ ಹಾಗೆ ಪಾಟಿಯ ಮೇಲೆ ಬಗ್ಗಿ, ಮೂರೂ ಅಕ್ಷರ ನೋಡಿದಳು. “ಈಗ ಬರೋಬ್ಬರಿ ಆತು” ಎಂದು ಹೇಳಿ, ಕಾವಲಿಯ ಮೇಲೆ ಸೀಯುತ್ತಿದ್ದ ರೊಟ್ಟಿಯ ಕಡೆ ಓಡಿದಳು.